ಆಕ್ಸಿಜನ್‌ಗೆ ದಾಳ ಬೇಡ: ಮೂರು ಪದ್ಧತಿ ಆಡಿ ನೋಡಿದ ಮೇಲೆ

ಮಡಿಕೇರಿಯಲ್ಲಿ ಮಳೆ ಹಿಡಿದರೆ ಕರೆಂಟನ್ನು ನಂಬುವ ಹಾಗಿಲ್ಲ. ಹಾಗಾಗಿ ನಮ್ಮ ರೋಲ್‌ಪ್ಲೇಯಿಂಗ್ ಆಟವೆಲ್ಲ (ನಾನು ಕಥೆ ನಡೆಸುತ್ತೇನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುತ್ತಾರೆ) ಕಾಗದ, ಪೆನ್ಸಿಲ್, ದಾಳ. ಈ ಸಲದ ಕಥೆ ಮಳೆಯೇ ನಿಲ್ಲದ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ಗ್ರಹದ್ದು. ನೌಕೆ ಬಿದ್ದಿದೆ, ಎರಡು ದಿನ ನಡೆದರೆ ಆಸರೆ. ಜೀವ ಉಳಿಸುವ ಸಾಮಾನುಗಳಿಗೆ ನಿಯಮ ಬರೆಯುವ ಮೂರು ದಾರಿಗಳನ್ನು ಇದೇ ಕಥೆಯಲ್ಲಿ, ಇದೇ ಗೆಳೆಯರ ಜೊತೆ ಆಡಿ ನೋಡಿದೆ.

ಮೊದಲನೆಯದು ಕಿಲೋ ಲೆಕ್ಕ. ಪ್ರತಿ ಸಾಮಾನಿಗೂ ತೂಕ, ಹೊರುವವರಿಗೊಂದು ಮಿತಿ. ಓದುವಾಗ ಚೆಂದ: ಮನುಷ್ಯನಿಗೆ ದಿನಕ್ಕೆ ಬೇಕಾದ ಆಕ್ಸಿಜನ್ ಸುಮಾರು 0.84 ಕೆ.ಜಿ. ಮಾತ್ರ, ಹೊರೆಯಾಗುವುದು ಸಿಲಿಂಡರ್ ಮತ್ತು ನೀರು. ಆಡಲು ಕೂತಾಗ ಬೇರೆಯೇ ಆಯಿತು. ಗ್ರಹದ ಗುರುತ್ವ ಮಂಗಳದಂತೆ ಭೂಮಿಯ 0.38ರಷ್ಟು ಅಂದಿದ್ದೆ. '30 ಕೆ.ಜಿ. ಚೀಲ ಇಲ್ಲಿ 11 ಕೆ.ಜಿ.ಯಷ್ಟೇ ಅಲ್ವಾ ಅಣ್ಣ?' ಎಂದ ಒಬ್ಬ. ಓಡಿ ತಟ್ಟನೆ ನಿಂತರೆ ಬೆನ್ನಿಗೆ ತಳ್ಳುವುದು ಪೂರ್ತಿ 30 ಕೆ.ಜಿ.ಯೇ ಎಂದಳು ಇನ್ನೊಬ್ಬಳು. ಅವಳೇ ಸರಿ, ಆದರೆ ಸಂಜೆ ಅಷ್ಟಕ್ಕೇ ಮುಗಿಯಿತು. ಖುಷಿಪಟ್ಟವರು ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರೇ. ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಪಳಗಿದ ಕೈ.

ಎರಡನೆಯದು ಚೌಕದ ಲೆಕ್ಕ. ತಲೆಗೆ ಹತ್ತು ಚೌಕ, ಸಾಮಾನಿಗೆ ಒಂದು, ದೊಡ್ಡದಕ್ಕೆ ಎರಡು. ಕೂಡಿಸಿ ಕಳೆಯುವ ಕೆಲಸವಿಲ್ಲ. ಹಗ್ಗವೋ, ಇನ್ನೊಂದು ಫಿಲ್ಟರೋ ಎಂಬ ನಿಜವಾದ ಜಗಳ ಮೊದಲ ಸಲ ಹುಟ್ಟಿದ್ದು ಇಲ್ಲಿ. ಇದಕ್ಕೆ ನಾನು ಸೇರಿಸಿದ್ದು ಒಂದೇ: ಮೇಲಿನ ಎರಡು ಚೌಕ ಮಾತ್ರ ತಕ್ಷಣ ಕೈಗೆ ಸಿಗುತ್ತವೆ, ಕೆಳಗಿನದು ಬೇಕೆಂದರೆ ಮಳೆಯಲ್ಲೇ ಚೀಲ ಬಿಚ್ಚಬೇಕು. ಮಳೆಗಾಲದಲ್ಲಿ ತಡಿಯಂಡಮೋಳ್ ಬೆಟ್ಟದ ಕಡೆ ಹೋದವರಿಗೆ ವಿವರಿಸಬೇಕಾಗಿಲ್ಲ. ಜಿಗಣೆಯಂಥ ಜೀವಿ ಬೂಟಿಗೆ ಹತ್ತಿದಾಗ ಹೊಗೆಸೊಪ್ಪು ಸುಣ್ಣದಂಥ ಮದ್ದು ತಳದಲ್ಲಿದ್ದವನ ಪಾಡು ನೋಡಬೇಕಿತ್ತು! ಕೊರತೆಯೂ ಇದೆ. ಉಪ್ಪಿನ ಪೊಟ್ಟಣಕ್ಕೂ ಹಗ್ಗದ ಸುರುಳಿಗೂ ಒಂದೇ ಚೌಕ ಅಂದರೆ ಯಾರಿಗೂ ಒಪ್ಪಿಗೆಯಾಗಲಿಲ್ಲ. ಸಣ್ಣವನ್ನೆಲ್ಲ ಒಂದು ಪೊಟ್ಟಣ ಮಾಡಿಸಿದೆ.

ಮೂರನೆಯದು ಸವೆಯುವ ದಾಳ. ಸಾಮಾನು ಬಳಸಿದಾಗಲೆಲ್ಲ ಎಂಟು ಮುಖದ ದಾಳ ಎಸೆಯುವುದು; 1 ಅಥವಾ 2 ಬಿದ್ದರೆ ಆರು ಮುಖದ್ದಕ್ಕೆ, ಆಮೇಲೆ ನಾಲ್ಕಕ್ಕೆ, ಆಮೇಲೆ ಖಾಲಿ. ಸರಾಸರಿ ಒಂಬತ್ತು ಎಸೆತ ಬರುತ್ತದೆ, ಗ್ರಹಚಾರ ಕೆಟ್ಟರೆ ಮೂರಕ್ಕೇ ಮುಗಿಯುತ್ತದೆ. ಬರೆಯುವುದು ಏನೂ ಇಲ್ಲ, ಪ್ರತಿ ಎಸೆತಕ್ಕೂ ಎದೆ ಡವಡವ. ಇದೇ ಗೆದ್ದಿತು ಅಂದುಕೊಳ್ಳುವಷ್ಟರಲ್ಲಿ ಆಕ್ಸಿಜನ್ ದಾಳ ಮೂರನೇ ಎಸೆತಕ್ಕೆ ಖಾಲಿ. 'ಸೂಟ್‌ನಲ್ಲಿ ಮೀಟರ್ ಇಲ್ವಾ ಅಣ್ಣ?' ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಭಾಗ ಮಾಡುವುದು ಹೀಗೆ: ಮೀಟರ್ ಇರುವುದಕ್ಕೆ ಎಣಿಕೆ, ಇಲ್ಲದ್ದಕ್ಕೆ ದಾಳ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಅಲುಗಾಡಿಸಿ ಅಂದಾಜು ಮಾಡುವ ಹಾಗಿದ್ದರೆ ಮಾತ್ರ ದಾಳಕ್ಕೆ ಅರ್ಥ. ಬಾಹ್ಯಾಕಾಶ ನಡಿಗೆಯ ನಾಸಾ ಸೂಟ್ ಸುಮಾರು ಎಂಟು ಗಂಟೆಯದು, ತುರ್ತಿಗೆ ಪ್ರತ್ಯೇಕವಾಗಿ ಅರ್ಧ ಗಂಟೆಯ ಆಕ್ಸಿಜನ್ ಇರುತ್ತದೆ. ಹಾಗಾಗಿ ಕಾಗದದಲ್ಲಿ ಆಕ್ಸಿಜನ್‌ಗೆ ಗಂಟೆಗೊಂದರಂತೆ ಎಂಟು ಸೊನ್ನೆ, ಕೊನೆಗೊಂದು ಕೆಂಪು ಅರ್ಧ ಸೊನ್ನೆ. ಡೇರೆ ತಲುಪಿದರೆ ಮತ್ತೆ ತುಂಬಿಸಿಕೊಳ್ಳಬಹುದು. ಹೊಡೆದುಹಾಕುತ್ತಾ ಹೋಗುವಾಗ ಬರುವ ಭಯ ದಾಳದ ಭಯಕ್ಕಿಂತ ನಿಧಾನದ್ದು, ನನಗೆ ಅದೇ ಇಷ್ಟ. ಸೂಟ್‌ನ ಕೊಳವೆ, ಕೀಲು, ಬ್ಯಾಟರಿಗೆ ದಾಳ. 2013ರಲ್ಲಿ ಬಾಹ್ಯಾಕಾಶ ನಡಿಗೆಯಲ್ಲಿದ್ದ ಗಗನಯಾತ್ರಿ ಲೂಕಾ ಪರ್ಮಿಟಾನೊ ಅವರ ಹೆಲ್ಮೆಟ್ಟಿನೊಳಗೆ ನೀರು ತುಂಬತೊಡಗಿದ್ದು ಯಾವ ಸೊನ್ನೆ ಎಣಿಸಿದರೂ ಗೊತ್ತಾಗುವ ಸಂಗತಿಯಲ್ಲ. ಹೊರುವುದಕ್ಕೆ ಹತ್ತು ಚೌಕವೇ. ಊಟಕ್ಕೆ ನಿಯಮವನ್ನೇ ಬರೆಯಲಿಲ್ಲ. ಎರಡು ದಿನದಲ್ಲಿ ಹಸಿವಿನಿಂದ ಯಾರೂ ಸಾಯುವುದಿಲ್ಲ.

ಫಿಲ್ಟರಿಗೆ ಮಾತ್ರ ಆಕಾರವನ್ನೂ ಬರೆಯಿಸುತ್ತೇನೆ, ಚೌಕವೋ ದುಂಡೋ ಎಂದು. 1970ರಲ್ಲಿ ಚಂದ್ರನತ್ತ ಹೊರಟು ಕೆಟ್ಟ ಅಪೊಲೊ 13 ನೌಕೆಯಲ್ಲಿ, ಕಾರ್ಬನ್ ಡೈಆಕ್ಸೈಡ್ ಹೀರುವ ಚೌಕದ ಡಬ್ಬಿಯನ್ನು ದುಂಡು ಜಾಗಕ್ಕೆ ಹೊಂದಿಸಲು ಟೇಪ್, ಪ್ಲಾಸ್ಟಿಕ್, ರಟ್ಟು ಎಲ್ಲ ಬೇಕಾಯಿತಲ್ಲ. ಆಕಾರ ಬರೆಯಿಸತೊಡಗಿದ ಮೇಲೆ ನಮ್ಮ ಟೇಬಲ್ಲಿನಲ್ಲಿ ಟೇಪಿಗೇ ಬೇಡಿಕೆ. ಅದನ್ನು ಸಣ್ಣ ಪೊಟ್ಟಣಕ್ಕೆ ಸೇರಿಸಿ ಎನ್ನುತ್ತಾರೆ ರೈಟರ್. ನಾನಂತೂ ಪೂರ್ತಿ ಒಂದು ಚೌಕ ಹಾಕಿಸುತ್ತಿದ್ದೇನೆ.