ಫ್ಲೂಕ್ 87-ವಿ ಮಲ್ಟಿಮೀಟರ್: ದಾವಣಗೆರೆಯಲ್ಲಿ ಆರು ವರ್ಷ ಬಳಸಿದ ಮೇಲೆ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಗಳಲ್ಲಿರುವ ಎಲೆಕ್ಟ್ರಾನಿಕ್ ತೂಕದ ಯಂತ್ರಗಳ ರಿಪೇರಿ ನನ್ನ ವೃತ್ತಿ. ಮೊದಲು ನನ್ನಲ್ಲಿದ್ದ ಅಗ್ಗದ ಮೀಟರು 0.2 ವೋಲ್ಟ್ ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ 6 ವೋಲ್ಟ್ ಬ್ಯಾಟರಿಯ ಚಾರ್ಜರುಗಳನ್ನು 6.8ಕ್ಕೆ ಹೊಂದಿಸಿದ್ದೇನೆಂದೇ ತಿಳಿದಿದ್ದೆ. ನಿಜವಾಗಿ ಅದು 7.0 ಆಗಿತ್ತು, ಆ ಬೇಸಿಗೆಯಲ್ಲಿ ಗಿರಾಕಿಗಳ ನಾಲ್ಕು ಬ್ಯಾಟರಿಗಳು ಉಬ್ಬಿ ಹಾಳಾದವು. ಆ ನಷ್ಟ ತುಂಬಿಕೊಟ್ಟ ಮೇಲೆ ಈ ಮೀಟರನ್ನು ಕೊಂಡೆ.

ಚಾರ್ಜರಿನ ವೋಲ್ಟೇಜು ನಿರಪೇಕ್ಷ ಅಳತೆ, ಅಲ್ಲಿ ಅಂಕಿಯೇ ಸರಿಯಿರಬೇಕು. ಲೋಡ್‌ಸೆಲ್‌ನ, ಅಂದರೆ ತಟ್ಟೆಯ ಕೆಳಗಿದ್ದು ಭಾರವನ್ನು ಸಣ್ಣ ವೋಲ್ಟೇಜಾಗಿ ಬದಲಿಸುವ ಭಾಗದ ವಿಷಯ ಬೇರೆ. ಊಡಿಸಿದ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸೆಲ್ಲಿಗೆ 5 ವೋಲ್ಟ್ ಊಡಿಸಿದರೆ ಪೂರ್ತಿ ಭಾರಕ್ಕೆ ಬರುವುದು 10 ಮಿಲಿವೋಲ್ಟ್ ಮಾತ್ರ, ಊಡಿಕೆ 4.9ಕ್ಕೆ ಇಳಿದರೆ ಅದೂ ಶೇ. 2ರಷ್ಟು ಇಳಿಯುತ್ತದೆ. ಆದರೂ ತೂಕ ಬದಲಾಗದಿರುವುದು ಏಕೆಂದರೆ, ಬಹುತೇಕ ಯಂತ್ರಗಳಲ್ಲಿ ಅಳೆಯುವ ಚಿಪ್ಪು ಅದೇ ಊಡಿಕೆಯನ್ನೇ ತನ್ನ ಆಧಾರವಾಗಿ ಇಟ್ಟುಕೊಂಡು ಎರಡರ ಅನುಪಾತವನ್ನಷ್ಟೇ ನೋಡುತ್ತದೆ. ನಾನೂ ಖಾಲಿ ತಟ್ಟೆಯಲ್ಲಿ ಮೀಟರಿನ ರೆಲ್ (REL) ಗುಂಡಿ ಒತ್ತಿ ಆಗಿನ ಅಂಕಿಯನ್ನೇ ಸೊನ್ನೆ ಮಾಡಿಕೊಂಡು, ತಟ್ಟೆಯ ನಾಲ್ಕು ಮೂಲೆಗಳಲ್ಲಿ ಒಂದೇ ತೂಕದ ಬಟ್ಟನ್ನು ಇಟ್ಟು ವ್ಯತ್ಯಾಸಗಳನ್ನು ಹೋಲಿಸುತ್ತೇನೆ. ಈ ಕೆಲಸಕ್ಕೆ ಮೀಟರು ಸ್ಥಿರವಾಗಿದ್ದರೆ ಸಾಕು. ರೆಲ್ ತೆಗೆಯಲು ಮರೆತು ಚಾರ್ಜರಿಗೆ ಹೋಗುವುದು ಮಾತ್ರ ಅಪಾಯ. ರೆಲ್ ಚಾಲೂ ಇದೆಯೆಂದು ತೋರಿಸುವ ಪರದೆಯ ಮೇಲಿನ ತ್ರಿಕೋನದ ಗುರುತನ್ನು ಈಗ ಪ್ರತಿ ಸಲ ನೋಡುತ್ತೇನೆ.

ಪ್ರತಿ ವರ್ಷ ಬೆಂಗಳೂರಿನ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯವೊಂದಕ್ಕೆ ಇದನ್ನು ಕ್ಯಾಲಿಬ್ರೇಷನ್‌ಗೆ ಕಳಿಸುತ್ತೇನೆ. ಕ್ಯಾಲಿಬ್ರೇಷನ್ ಎಂದರೆ ಮೀಟರನ್ನು ತಿದ್ದುವುದಲ್ಲ, ಹೆಚ್ಚು ನಿಖರವಾದ ಮಾನಕದೊಂದಿಗೆ ಹೋಲಿಸಿ ಎಷ್ಟು ವ್ಯತ್ಯಾಸವಿದೆಯೆಂದು ಬರೆದುಕೊಡುವುದು. ತಿದ್ದುವ ಕೆಲಸ ಪ್ರತ್ಯೇಕ. ಹಾಗಾಗಿ ಬರೀ ಸ್ಟಿಕ್ಕರಿಗೆ ಹಣ ಕೊಡಬೇಡಿ, ಅಂಕಿಗಳನ್ನೂ ಅನಿಶ್ಚಿತತೆಯನ್ನೂ (ಆ ಅಳತೆಯೇ ಎಷ್ಟು ಹೆಚ್ಚುಕಡಿಮೆ ಇರಬಹುದೆಂಬುದನ್ನು) ನಮೂದಿಸಿದ ಪತ್ರವನ್ನೇ ಕೇಳಿ. ನನ್ನ ಐದು ಪತ್ರಗಳನ್ನು ಪಕ್ಕಪಕ್ಕ ಇಟ್ಟರೆ 5 ವೋಲ್ಟಿನ ಬಿಂದುವಿನಲ್ಲಿ ಮೀಟರು 1 ಮಿಲಿವೋಲ್ಟಿಗಿಂತ ಹೆಚ್ಚು ಸರಿದಿಲ್ಲ. ಕಂಪನಿ ಹೇಳುವ ಮಿತಿ ಓದಿನ ಶೇ. 0.05 ಮತ್ತು ಪರದೆಯ ಕೊನೆಯ ಸ್ಥಾನದ ಒಂದು ಅಂಕಿ, ಅಂದರೆ ಅಲ್ಲಿ 2.5 ಮತ್ತು 1 ಸೇರಿ 3.5 ಮಿಲಿವೋಲ್ಟ್.

ಆ ಮಿತಿ 18ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಮಾತ್ರ. ಅದರಾಚೆ ಪ್ರತಿ ಡಿಗ್ರಿಗೆ ಮಿತಿಯ ಶೇ. 5ರಷ್ಟು ಸೇರಿಸಬೇಕು, ನಮ್ಮ ಏಪ್ರಿಲ್‌ನ 38 ಡಿಗ್ರಿಯಲ್ಲಿ ಅದು ಒಂದೂವರೆ ಪಟ್ಟಾಗುತ್ತದೆ. ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಬೆಲೆ ಹೆಚ್ಚು, ಫ್ಯೂಸುಗಳೂ ದುಬಾರಿ. ಮಿಲಿವೋಲ್ಟ್ ರೇಂಜಿನಲ್ಲಿ ಪತ್ರ ಈವರೆಗೆ ದೊಡ್ಡ ಬಿಂದುಗಳನ್ನಷ್ಟೇ ತೋರಿಸುತ್ತಿತ್ತು. ನನ್ನ ಕೆಲಸವಿರುವುದು ತಳದಲ್ಲಿ, ಆದ್ದರಿಂದ ಈ ವರ್ಷ 10 ಮಿಲಿವೋಲ್ಟಿನಲ್ಲೂ ಪರೀಕ್ಷಿಸಲು ಬರೆದು ಕಳಿಸಿದ್ದೇನೆ.