ಮಹಿಳೆಯರ ಗೇಲಿಕ್ ಫುಟ್‌ಬಾಲೋ, ಕಮೋಗಿಯೋ?

ಐರ್ಲೆಂಡಿನಲ್ಲಿ ಮಗಳನ್ನು ಕ್ಲಬ್ಬಿಗೆ ಸೇರಿಸುವವರ ಮುಂದೆ ಈ ಎರಡು ಆಟಗಳಿವೆ: ಕೈಕಾಲೆರಡರಿಂದಲೂ ಚೆಂಡಾಡುವ ಗೇಲಿಕ್ ಫುಟ್‌ಬಾಲ್, ಕೋಲಿನಿಂದ ಚೆಂಡು ಹೊಡೆಯುವ ಕಮೋಗಿ. ಎರಡರಲ್ಲೂ ತಂಡಕ್ಕೆ 15 ಮಂದಿ. ಚೆಂಡು ಬಲೆಗೆ ಬಿದ್ದರೆ 3 ಅಂಕ, ಗೋಲುಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹಾದರೆ ಸಾಮಾನ್ಯವಾಗಿ 1.

ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡಬಹುದಾದರೂ, ನಾಲ್ಕು ಹೆಜ್ಜೆಯೊಳಗೆ ಅದನ್ನು ನೆಲಕ್ಕೆ ಪುಟಿಸಬೇಕು ಅಥವಾ ಪಾದದ ತುದಿಯಿಂದ ಕೈಗೆ ಚಿಮ್ಮಿಸಿಕೊಳ್ಳಬೇಕು. ಸತತವಾಗಿ ಎರಡು ಬಾರಿ ಪುಟಿಸುವಂತಿಲ್ಲ. ನೆಲದ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿಕೊಳ್ಳಲು ಅವಕಾಶವಿರುವುದರಿಂದ ಹೊಸಬರಿಗೆ ಆಟ ಬೇಗ ಒಲಿಯುತ್ತದೆ. ಉದ್ದೇಶಪೂರ್ವಕವಾಗಿ ಮೈಗೆ ಡಿಕ್ಕಿ ಹೊಡೆಯುವುದು ನಿಷಿದ್ಧ.

1904ರಷ್ಟು ಹಳೆಯದಾದ ಕಮೋಗಿಗೆ ಮರದ ಕೋಲು, ಚಿಕ್ಕ ಗಟ್ಟಿ ಚೆಂಡು, ಹೆಲ್ಮೆಟ್ ಬೇಕು. ಓಡುತ್ತಲೇ ಕೋಲಿನಿಂದ ಚೆಂಡನ್ನೆತ್ತುವ ಕೌಶಲಕ್ಕೆ ಎಳವೆಯ ಅಭ್ಯಾಸವಿದ್ದರೆ ಅನುಕೂಲ.

ತಡವಾಗಿ ಆರಂಭಿಸುವವರಿಗೆ ನಾನು ನಿಸ್ಸಂಕೋಚವಾಗಿ ಫುಟ್‌ಬಾಲನ್ನೇ ಸೂಚಿಸುತ್ತೇನೆ. ಎಳೆಯ ಹುಡುಗಿಯಾದರೆ ಎರಡನ್ನೂ ಆಡಲಿ, ಅಲ್ಲಿ ಅನೇಕರು ಹಾಗೆಯೇ ಆಡುತ್ತಾರೆ.