ಮನೆಯ ಕಾರ್ಯಾಗಾರಕ್ಕೆ ರೂಟರ್ ಕೊಳ್ಳುವ ಮುನ್ನ ಕಾಲೆಟ್ ನೋಡಿ

ವೇಗವಾಗಿ ತಿರುಗುವ ಬಿಟ್ಟಿನಿಂದ, ಅಂದರೆ ಕತ್ತರಿಸುವ ಅಲಗಿನಿಂದ, ಮರವನ್ನು ಕೊರೆಯುವ, ಅಂಚು ರೂಪಿಸುವ ಯಂತ್ರವಾದ ಮರಗೆಲಸದ ರೂಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಎಷ್ಟು ವ್ಯಾಟ್‌ನದು ಎಂದು. ನನ್ನ ಮೊದಲ ರೂಟರ್ ಕೊಳ್ಳುವಾಗ ನಾನೂ ಅದನ್ನೇ ಕೇಳಿದ್ದೆ. ಮೂರು ರೂಟರ್‌ಗಳನ್ನು ಹಲವು ವರ್ಷ ಬಳಸಿದ ಮೇಲೆ, ಒಂದು ಕೋಣೆಯಷ್ಟು ಜಾಗದಲ್ಲಿ ಕಪಾಟು, ಡ್ರಾಯರ್, ಚೌಕಟ್ಟು, ಸ್ಟೂಲು ಮಾಡಿಕೊಳ್ಳುವವರಿಗೆ ನಾನು ಕೊಡುವ ಸಲಹೆ ಬೇರೆಯೇ ಆಗಿದೆ. ಮೊದಲು ಕಾಲೆಟ್ ನೋಡಿ, ಆಮೇಲೆ ಆಳ ಹೊಂದಿಸುವ ವ್ಯವಸ್ಥೆ ನೋಡಿ, ಅದಾದ ನಂತರ ಯಂತ್ರವನ್ನು ಕೈಯಲ್ಲಿ ಹಿಡಿದು ತೂಕ ನೋಡಿ. ವ್ಯಾಟ್ ಕೊನೆಗೆ ಬರಲಿ. ಈ ಕ್ರಮದಲ್ಲಿ ನೋಡಿದರೆ ಹೆಚ್ಚಿನವರಿಗೆ ಮೊದಲ ರೂಟರ್ ಆಗಿ ಒದಗುವುದು 700 ವ್ಯಾಟ್ ಆಸುಪಾಸಿನ, ಪ್ಲಂಜ್ ಬೇಸ್ (ತಿರುಗುವ ಬಿಟ್ಟನ್ನು ಮೇಲಿನಿಂದ ಮರದೊಳಕ್ಕೆ ಇಳಿಸಲು ಬರುವ ತಳ) ಕೂಡ ಸಿಗುವ ಸಣ್ಣ ಯಂತ್ರ.

ಬಿಟ್ಟಿನ ದಂಡವನ್ನು, ಅಂದರೆ ಶ್ಯಾಂಕನ್ನು, ಸುತ್ತಲಿಂದ ಅಮುಕಿ ಹಿಡಿಯುವ ಸೀಳುಗಳುಳ್ಳ ಉಕ್ಕಿನ ಬಳೆಯೇ ಕಾಲೆಟ್. ಮೋಟರಿನ ಶಕ್ತಿಯೆಲ್ಲ ಮರವನ್ನು ತಲುಪುವುದು ಇದರ ಹಿಡಿತದ ಮೂಲಕವೇ. ನನ್ನ ಮೊದಲ ರೂಟರಿನಲ್ಲಿ ಮೋಟರ್ ಗಟ್ಟಿಯಾಗಿತ್ತು, ಕಾಲೆಟ್ ಮಾತ್ರ ಕಳಪೆಯಾಗಿತ್ತು. ಒಂದು ಸಲ 12 ಮಿಲಿಮೀಟರ್ ದಪ್ಪದ ಡ್ರಾಯರ್ ಹಲಗೆಯಲ್ಲಿ, ತಳದ ಪ್ಲೈವುಡ್ ಕೂರಲು 6 ಮಿಲಿಮೀಟರ್ ಆಳದ ಗ್ರೂವ್, ಅಂದರೆ ಉದ್ದನೆಯ ಕಾಲುವೆ, ತೆಗೆಯುತ್ತಿದ್ದೆ. ಅರ್ಧ ದಾಟುವಷ್ಟರಲ್ಲಿ ಯಂತ್ರದ ಸದ್ದು ಭಾರವಾಯಿತು. ಮರ ಆ ಜಾಗದಲ್ಲಿ ಗಟ್ಟಿಯಾಗಿರಬೇಕೆಂದುಕೊಂಡು ಮುಂದೆ ತಳ್ಳಿದೆ. ನಿಲ್ಲಿಸಿ ಅಳೆದು ನೋಡಿದರೆ ಆರಂಭದಲ್ಲಿ 6 ಇದ್ದ ಆಳ ಕೊನೆಯಲ್ಲಿ 9 ಆಗಿತ್ತು. ಹೊಟ್ಟನ್ನು ಮೇಲಕ್ಕೆ ಎತ್ತುವ ಸುರುಳಿ ಬಿಟ್ಟು ಮರವನ್ನು ಕೊರೆಯುತ್ತಲೇ ತನ್ನನ್ನು ತಾನೇ ಕಾಲೆಟ್ಟಿನಿಂದ ಕೆಳಕ್ಕೆ ಎಳೆದುಕೊಂಡಿತ್ತು, ಶ್ಯಾಂಕಿನ ಮೇಲೆ ಉಜ್ಜಿದ ಹೊಳಪಿನ ಗೆರೆಗಳೂ ಮೂಡಿದ್ದವು. ಹಲಗೆಯಲ್ಲಿ ಉಳಿದದ್ದು ಮೂರೇ ಮಿಲಿಮೀಟರ್. ಮರ ಹಾಳಾದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಆ ವೇಗದಲ್ಲಿ ತಿರುಗುತ್ತಿದ್ದ ಬಿಟ್ಟು ಪೂರ್ತಿ ಕಳಚಿ ಹಾರಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ.

ಆದ್ದರಿಂದ ಅಂಗಡಿಯಲ್ಲಿ ನಟ್ಟನ್ನು ಬಿಚ್ಚಿ ಕಾಲೆಟ್ಟನ್ನು ಹೊರತೆಗೆದು ನೋಡಲು ಸಂಕೋಚಪಡಬಾರದು. ಸೀಳುಗಳು ಹೆಚ್ಚಿದ್ದು, ಉದ್ದವಾಗಿದ್ದು, ಒಳಮೈ ಕನ್ನಡಿಯಂತೆ ನಯವಾಗಿದ್ದರೆ ಅದು ಶ್ಯಾಂಕನ್ನು ಸುತ್ತಲೂ ಸಮನಾಗಿ ಹಿಡಿಯುತ್ತದೆ. ಒಂದೆರಡು ಸೀಳು ಮಾತ್ರ ಇರುವ ಮೋಟು ಕಾಲೆಟ್ ಎರಡು ಮೂರು ಕಡೆ ಚುಚ್ಚಿ ಹಿಡಿಯುತ್ತದೆ, ಅಷ್ಟೆ. ಒಳ್ಳೆಯ ಕಾಲೆಟ್ಟಿನ ನಟ್ಟನ್ನು ಬಿಚ್ಚುವಾಗ ಅದು ಒಮ್ಮೆ ಸಡಿಲಾಗಿ, ಮತ್ತೆ ಬಿಗಿಯಾಗಿ, ಎರಡನೆಯ ಸಲ ತಿರುಗಿಸಿದಾಗ ಬಿಟ್ಟನ್ನು ಬಿಡುತ್ತದೆ. ಬಿಟ್ಟು ಸಿಕ್ಕಿಕೊಳ್ಳದಂತೆ ಹಾಗೆ ಮಾಡಿರುತ್ತಾರೆ, ಅದು ದೋಷವಲ್ಲ. ಬಿಟ್ಟು ಹಾಕುವಾಗ ಶ್ಯಾಂಕನ್ನು ತಳ ಮುಟ್ಟಿಸಿ, ನಂತರ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಎಳೆದು ಬಿಗಿಯಬೇಕು. ಖಾಲಿ ಕಾಲೆಟ್ಟನ್ನು ಎಂದಿಗೂ ಬಿಗಿಯಬಾರದು, ಬಿಗಿದರೆ ಅದರ ಆಕಾರ ಕೆಡುತ್ತದೆ.

ಅಳತೆಯ ವಿಷಯದಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. 6 ಮಿಲಿಮೀಟರ್ ಶ್ಯಾಂಕೂ ಕಾಲು ಇಂಚಿನ ಶ್ಯಾಂಕೂ ನೋಡಲು ಒಂದೇ, ಆದರೆ ಕಾಲು ಇಂಚು ಎಂದರೆ 6.35 ಮಿಲಿಮೀಟರ್. ಕಾಲು ಇಂಚಿನ ಕಾಲೆಟ್ಟಿನಲ್ಲಿ 6 ಮಿಲಿಮೀಟರ್ ಬಿಟ್ಟು ಹಾಕಿ ಬಿಗಿದರೆ ಕೈಗೆ ಬಿಗಿಯಾದಂತೆಯೇ ಅನಿಸಬಹುದು, ಕೆಲಸದ ಒತ್ತಡ ಬಿದ್ದಾಗ ಅದು ನಿಲ್ಲುವುದಿಲ್ಲ. 12 ಮಿಲಿಮೀಟರ್ ಮತ್ತು 12.7 ಮಿಲಿಮೀಟರಿನ ಅರ್ಧ ಇಂಚಿಗೂ ಇದೇ ಮಾತು. ಯಂತ್ರದ ಜೊತೆ ಯಾವ ಕಾಲೆಟ್ ಬರುತ್ತದೆ, ಬೇರೆ ಅಳತೆಯದು ಬಿಡಿಯಾಗಿ ಸಿಗುತ್ತದೆಯೇ, ನಿಮಗೆ ಸುಲಭವಾಗಿ ಸಿಗುವ ಬಿಟ್ಟುಗಳು ಯಾವ ಅಳತೆಯವು ಎಂಬ ಮೂರನ್ನೂ ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನು ವ್ಯಾಟ್. ಮನೆಗೆ ಕೊಳ್ಳುವ ರೂಟರ್‌ಗಳು ಮೂರು ಗಾತ್ರಗಳಲ್ಲಿ ಬರುತ್ತವೆ. ಸಣ್ಣವಾದ, 500ರಿಂದ 900 ವ್ಯಾಟ್‌ವರೆಗಿನ ಟ್ರಿಮ್ಮರ್‌ಗಳು, 1100ರಿಂದ 1600 ವ್ಯಾಟ್‌ನ ಮಧ್ಯಮ ಗಾತ್ರದವು, 2000 ವ್ಯಾಟ್ ದಾಟಿದ ದೊಡ್ಡ ಪ್ಲಂಜ್ ರೂಟರ್‌ಗಳು. ಪೆಟ್ಟಿಗೆಯ ಮೇಲೆ ಅಶ್ವಶಕ್ತಿಯ ಲೆಕ್ಕ ಕಂಡರೆ ಸ್ವಲ್ಪ ಎಚ್ಚರ ಬೇಕು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 120 ವೋಲ್ಟ್ ಬಳಸುವ ದೇಶಗಳಲ್ಲಿ 15 ಆಂಪಿಯರ್‌ನ ಪ್ಲಗ್ಗಿನಿಂದ ಸಿಗುವುದು 1800 ವ್ಯಾಟ್, ಅಂದರೆ ಸುಮಾರು 2.4 ಅಶ್ವಶಕ್ತಿ, ಅಂಥ ಯಂತ್ರದ ಮೇಲೆಯೇ ಮೂರೂಕಾಲು ಎಂದು ಬರೆದಿರುವುದುಂಟು. ಅದು ಮೋಟರ್ ಕ್ಷಣಮಾತ್ರ ತೋರಿಸಬಲ್ಲ ಗರಿಷ್ಠ, ನಿರಂತರವಾಗಿ ಕೊಡುವ ಶಕ್ತಿಯಲ್ಲ. ಹೋಲಿಸುವುದಾದರೆ ಯಂತ್ರ ಎಳೆದುಕೊಳ್ಳುವ ವ್ಯಾಟ್‌ಗಳನ್ನೇ ಹೋಲಿಸುವುದು ಒಳ್ಳೆಯದು.

ಸಣ್ಣ ಗಾತ್ರದಲ್ಲಿ ನಾನು ಹೆಚ್ಚು ಬಳಸಿರುವುದು ಮಕಿಟಾ ಆರ್‌ಟಿ0700ಸಿ. 710 ವ್ಯಾಟ್, ನಿಮಿಷಕ್ಕೆ 10,000ದಿಂದ 30,000 ಸುತ್ತು, ತೂಕ ಸುಮಾರು 1.8 ಕೆ.ಜಿ. ಇದನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹಲಗೆಯ ಮೇಲೆ ಊರಿಕೊಂಡು ಅಂಚನ್ನು ದುಂಡಗೆ ಮಾಡಬಹುದು. ದೊಡ್ಡ ರೂಟರನ್ನು 20 ಮಿಲಿಮೀಟರ್ ಅಗಲದ ಅಂಚಿನ ಮೇಲೆ ನಿಲ್ಲಿಸಿದಾಗ ಅದು ಹೊರಗಡೆಗೆ ವಾಲಲು ನೋಡುತ್ತದೆ, ಒಂದು ಕ್ಷಣ ವಾಲಿದರೂ ಅಂಚಿನಲ್ಲಿ ತಗ್ಗು ಬೀಳುತ್ತದೆ. ಸಣ್ಣದರಲ್ಲಿ ಆ ಭಯ ಕಡಿಮೆ. ಕೀಲು ಕೂರಿಸುವ ತಗ್ಗು, ಲ್ಯಾಮಿನೇಟಿನ ಅಂಚು, 6 ಮಿಲಿಮೀಟರ್ ಗ್ರೂವ್, ಅಚ್ಚು ಇಟ್ಟು ಕತ್ತರಿಸುವ ಕೆಲಸ, ಇವೆಲ್ಲ ಇದರಿಂದ ಸಲೀಸಾಗಿ ಆಗುತ್ತವೆ. ಇದಕ್ಕೆ ಬೇರೆಯಾಗಿ ಸಿಗುವ ಪ್ಲಂಜ್ ಬೇಸ್ ಹಾಕಿಕೊಂಡರೆ ಹಲಗೆಯ ನಡುವೆಯೇ ಬಿಟ್ಟನ್ನು ಇಳಿಸಿ ಸಣ್ಣ ಗೂಡು ತೋಡಲೂ ಬರುತ್ತದೆ. ಬಾಷ್ ಜಿಕೆಎಫ್ 600 ಕೂಡ ಇದೇ ವರ್ಗದ್ದು, 600 ವ್ಯಾಟ್‌ನದು, 1.5 ಕೆ.ಜಿ. ತೂಗುವ, ಕೈಗೆ ಬಹಳ ಹಿತವಾಗಿ ಕೂರುವ ಯಂತ್ರ. ಆದರೆ ಅದರ ವೇಗ 33,000ಕ್ಕೆ ಸ್ಥಿರವಾಗಿದೆ. ಅಂಚಿನ ಕೆಲಸವನ್ನಷ್ಟೇ ಮಾಡುವವರಿಗೆ ಅದು ಸಾಕು. ಒಂದೇ ಯಂತ್ರದಿಂದ ಹಲವು ಕೆಲಸ ಆಗಬೇಕೆನ್ನುವವರು ವೇಗ ಬದಲಿಸಲು ಬರುವುದನ್ನೇ ಆರಿಸಿಕೊಳ್ಳಬೇಕು.

ವೇಗ ಬದಲಿಸುವ ಗುಂಡಿ ಏಕೆ ಬೇಕೆಂಬುದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. 6 ಮಿಲಿಮೀಟರ್ ಬಿಟ್ಟು 24,000 ಸುತ್ತಿನಲ್ಲಿ ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 27 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅದೇ ಸುತ್ತಿನಲ್ಲಿ 50 ಮಿಲಿಮೀಟರ್ ವ್ಯಾಸದ ಬಿಟ್ಟಿನ ಅಂಚಿನ ವೇಗ ಸುಮಾರು 226 ಕಿಲೋಮೀಟರ್. ಅಷ್ಟು ದೊಡ್ಡ ಬಿಟ್ಟನ್ನು 16,000 ಅಥವಾ ಅದಕ್ಕೂ ಕಡಿಮೆಗೆ ಇಳಿಸಿಯೇ ಬಳಸಬೇಕು, ಬಿಟ್ಟಿನ ಮೇಲೆ ನಮೂದಿಸಿದ ಗರಿಷ್ಠ ಸುತ್ತನ್ನು ಮೀರಲೇಬಾರದು. ಹಾಗೆಂದು ಎಲ್ಲ ಬಿಟ್ಟುಗಳನ್ನೂ ನಿಧಾನವಾಗಿ ತಿರುಗಿಸುವುದು ಸರಿಯಲ್ಲ. ಸಣ್ಣ ಬಿಟ್ಟು ನಿಧಾನವಾದರೆ ಮರವನ್ನು ಕೊಯ್ಯುವ ಬದಲು ಕೀಳುತ್ತದೆ. ಮರ ಸುಟ್ಟು ಕಪ್ಪಾದರೆ ಕಾರಣ ಸಾಮಾನ್ಯವಾಗಿ ಇಷ್ಟೇ: ಬಿಟ್ಟು ಮೊಂಡಾಗಿದೆ, ಅಥವಾ ಕೈ ಒಂದೇ ಜಾಗದಲ್ಲಿ ತಡೆದಿದೆ, ಅಥವಾ ಸುತ್ತು ಅತಿಯಾಗಿದೆ. ಹೊರೆ ಬಿದ್ದಾಗಲೂ ವೇಗವನ್ನು ಕಾಯ್ದುಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ ಇರುವ ಯಂತ್ರದಲ್ಲಿ ಕತ್ತರಿಸಿದ ಮೈ ಎಷ್ಟು ನಯವಾಗಿರುತ್ತದೆಂದರೆ, ಆ ಒಂದು ಸೌಲಭ್ಯವನ್ನು ಮುನ್ನೂರು ವ್ಯಾಟ್ ಹೆಚ್ಚಿನ ಮೋಟರಿಗೆ ನಾನು ಬಿಟ್ಟುಕೊಡುವುದಿಲ್ಲ.

ಸಣ್ಣ ಯಂತ್ರದ ಮಿತಿಯನ್ನೂ ಹೇಳಬೇಕು. ಗಟ್ಟಿ ಮರದಲ್ಲಿ ಒಂದು ಸಲಕ್ಕೆ 3 ಮಿಲಿಮೀಟರ್‌ಗಿಂತ ಹೆಚ್ಚು ಆಳಕ್ಕೆ ಇಳಿಸಿದರೆ ಅದು ಏದುಸಿರು ಬಿಡುತ್ತದೆ. 18 ಮಿಲಿಮೀಟರ್ ಆಳದ ಗೂಡಿಗೆ ಆರು ಸಲ ಓಡಾಡಬೇಕು. ವಾರಾಂತ್ಯದಲ್ಲಿ ನಾಲ್ಕು ಗೂಡು ತೋಡುವವರಿಗೆ ಅದೊಂದು ತೊಂದರೆಯಲ್ಲ. ಇಪ್ಪತ್ತು ಬಾಗಿಲಿನ ಚೌಕಟ್ಟು ಮಾಡುವವರಿಗೆ ಖಂಡಿತ ತೊಂದರೆ. ಇನ್ನೊಂದು ಮಿತಿ ಶ್ಯಾಂಕಿನದು. ದುಂಡನೆಯ ದಂಡದ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, ಅರ್ಧ ಇಂಚಿನ ಶ್ಯಾಂಕ್ ಕಾಲು ಇಂಚಿನದಕ್ಕಿಂತ ಎರಡು ಪಟ್ಟಲ್ಲ, ಹದಿನಾರು ಪಟ್ಟು ಬಾಗುವಿಕೆಯನ್ನು ತಡೆಯುತ್ತದೆ. ಉದ್ದನೆಯ ಬಿಟ್ಟಿನಿಂದ ದಪ್ಪ ಹಲಗೆಯ ಅಂಚನ್ನು ಸಮ ಮಾಡುವಾಗ ಮೇಲ್ಮೈಯಲ್ಲಿ ಸಣ್ಣ ಅಲೆಗಳು ಏಳುವುದು ಈ ಬಾಗುವಿಕೆಯಿಂದಲೇ.

ಪ್ಲಂಜ್ ವ್ಯವಸ್ಥೆಯನ್ನು ಪರೀಕ್ಷಿಸುವುದು ಕಷ್ಟವಲ್ಲ, ಆದರೂ ಅದನ್ನು ಮಾಡುವವರು ಕಡಿಮೆ. ಪ್ಲಗ್ ಹಾಕದ ಯಂತ್ರವನ್ನು ಮೇಜಿನ ಮೇಲಿಟ್ಟು ಒಂದೇ ಹಿಡಿಯನ್ನು ಒತ್ತಿ ಕೆಳಗಿಳಿಸಿ ನೋಡಿ. ಕಳಪೆ ಯಂತ್ರ ಓರೆಯಾಗಿ ಸಿಕ್ಕಿಕೊಂಡು ಜಗ್ಗುತ್ತದೆ, ಒಳ್ಳೆಯದು ಒಂದು ಕಡೆ ಒತ್ತಿದರೂ ನೇರವಾಗಿ ಇಳಿಯುತ್ತದೆ. ಅರ್ಧಕ್ಕೆ ಇಳಿಸಿ, ಸನ್ನೆ ಬಿಗಿದು, ಮೋಟರನ್ನು ಅಕ್ಕಪಕ್ಕಕ್ಕೆ ಅಲುಗಿಸಿ. ಅಲ್ಲಿ ಕೈಗೆ ತಿಳಿಯುವಷ್ಟು ಸಡಿಲ ಇದ್ದರೆ ಗ್ರೂವಿನ ಗೋಡೆಗಳು ಎಂದೂ ನೇರ ಬರುವುದಿಲ್ಲ. ಬಿಗಿಯುವ ಸನ್ನೆ ಹಿಡಿಯನ್ನು ಬಿಡದೆ ಹೆಬ್ಬೆರಳಿಗೆ ಎಟುಕಬೇಕು, ಸ್ವಿಚ್ಚೂ ಹಾಗೆಯೇ.

ಮಧ್ಯಮ ಗಾತ್ರದ ಯಂತ್ರಗಳು ಕೆಟ್ಟವೇನಲ್ಲ. ಬಾಷ್ ಪಿಓಎಫ್ 1400 ಎಸಿಇಯಂಥ 1400 ವ್ಯಾಟ್‌ನ, 11,000ದಿಂದ 28,000 ಸುತ್ತಿನ ಯಂತ್ರ ಮನೆಯ ಕೆಲಸಗಳಲ್ಲಿ ಹೆಚ್ಚಿನವನ್ನು ಮಾಡಿ ಮುಗಿಸುತ್ತದೆ. ಎಂದೆಂದಿಗೂ ಒಂದೇ ರೂಟರ್ ಇಟ್ಟುಕೊಳ್ಳುತ್ತೇನೆ ಎನ್ನುವವರು ಈ ಗಾತ್ರವನ್ನೇ ಕೊಳ್ಳಲಿ. ಆದರೆ ಮರಗೆಲಸ ಹಿಡಿದವರು ಒಂದರಲ್ಲಿ ನಿಲ್ಲುವುದು ಅಪರೂಪ. ಎರಡನೆಯದು ಬಂದಾಗ ಮಧ್ಯಮ ಗಾತ್ರದ್ದು ಅಂಚಿನ ಕೆಲಸಕ್ಕೆ ಭಾರ, ರೂಟರನ್ನು ತಲೆಕೆಳಗಾಗಿ ಬಿಗಿದು ಕೆಲಸ ಮಾಡುವ ಟೇಬಲ್ಲಿಗೆ ಹಗುರ ಎನಿಸಿಕೊಂಡು ಕಪಾಟು ಸೇರುತ್ತದೆ. ನನ್ನ ಮಧ್ಯಮ ರೂಟರ್ ಎರಡು ವರ್ಷದಿಂದ ಅಲ್ಲೇ ಇದೆ.

ದೊಡ್ಡ ರೂಟರಿನ ಸರಿಯಾದ ಜಾಗ ಟೇಬಲ್ಲಿನ ಅಡಿ ಎಂಬುದು ನನ್ನ ದೃಢ ಅಭಿಪ್ರಾಯ. ಮಕಿಟಾ ಆರ್‌ಪಿ2301ಎಫ್‌ಸಿ 2100 ವ್ಯಾಟ್‌ನದು, 6.1 ಕೆ.ಜಿ. ತೂಗುತ್ತದೆ, 70 ಮಿಲಿಮೀಟರ್ ಇಳಿಯುತ್ತದೆ, 9,000ದಿಂದ 22,000 ಸುತ್ತು ತಿರುಗುತ್ತದೆ. ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೆಲಸ ಮಾಡಿದರೆ ಭುಜ ಸೋಲುತ್ತದೆ; ತಲೆಕೆಳಗಾಗಿ ಟೇಬಲ್ಲಿಗೆ ಬಿಗಿದರೆ ಅದೇ ಭಾರ ಅದುರುವಿಕೆಯನ್ನು ನುಂಗಿಕೊಳ್ಳುವ ಗುಣವಾಗುತ್ತದೆ. ಟೇಬಲ್ಲಿಗೆಂದೇ ಕೊಳ್ಳುವವರು ಟ್ರೈಟನ್ ಟಿಆರ್‌ಎ001 ಅನ್ನೂ ನೋಡಬಹುದು: 2400 ವ್ಯಾಟ್, 8,000ದಿಂದ 21,000 ಸುತ್ತು, ಟೇಬಲ್ಲಿನ ಮೇಲಿನಿಂದಲೇ ಹಿಡಿಕೆ ಹಾಕಿ ತಿರುಗಿಸಿ ಆಳ ಹೊಂದಿಸುವ ಅನುಕೂಲ. ಪ್ರತಿ ಸಲ ಬಗ್ಗಿ ಟೇಬಲ್ಲಿನ ಕೆಳಗೆ ಕೈ ಹಾಕಿದವರಿಗೆ ಆ ಅನುಕೂಲದ ಬೆಲೆ ಗೊತ್ತಿರುತ್ತದೆ.

ಬಿಟ್ಟುಗಳಿಗೆ ಹಣ ಎತ್ತಿಡದೆ ರೂಟರ್ ಕೊಳ್ಳುವುದು ಅರ್ಧ ಕೊಳ್ಳುವುದೇ ಸರಿ. ಐವತ್ತು ಬಿಟ್ಟುಗಳ ಅಗ್ಗದ ಪೆಟ್ಟಿಗೆಯಲ್ಲಿ ಎಂಟು ಹತ್ತು ಮಾತ್ರ ಕೈಗೆ ಬರುತ್ತವೆ, ಅವೂ ಬೇಗ ಮೊಂಡಾಗುತ್ತವೆ. ಅದರ ಬದಲು ಕಾರ್ಬೈಡ್ ತುದಿಯ ನೇರ ಬಿಟ್ಟು 6 ಮತ್ತು 12 ಮಿಲಿಮೀಟರಿನವು, ಬೇರಿಂಗ್ ಇರುವ ಸಮ ಮಾಡುವ ಬಿಟ್ಟು, ಅಂಚನ್ನು ದುಂಡಗೆ ಮಾಡುವ ಒಂದು, 45 ಡಿಗ್ರಿಯ ಒಂದು, ಇಷ್ಟನ್ನು ಒಳ್ಳೆಯ ಗುಣಮಟ್ಟದಲ್ಲಿ ಕೊಂಡರೆ ಮೊದಲ ವರ್ಷ ಸಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದರಲ್ಲಿ ಹೆಚ್ಚು ಕೆಲಸ ಮಾಡುವವರ ಬಿಟ್ಟು ಬೇಗ ಮೊಂಡಾಗುತ್ತದೆ. ಅಂಟು ಕಟ್ಟಿದ ಬಿಟ್ಟು ಮಾತ್ರ ತೊಳೆದರೆ ಮತ್ತೆ ಹರಿತವಾಗಿ ಕೆಲಸ ಮಾಡುತ್ತದೆ.

ಧೂಳಿನ ಕೊಳವೆ ಜೋಡಿಸಲು ಬರುತ್ತದೆಯೇ ಎಂಬುದನ್ನು ಹೆಚ್ಚುವರಿ ಸೌಲಭ್ಯವೆಂದು ಎಣಿಸಬಾರದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲನೆಯ ಗುಂಪಿನಲ್ಲೇ ಸೇರಿಸಿದೆ. ರೂಟರ್ ಎಬ್ಬಿಸುವ ಧೂಳು, ಅದರಲ್ಲೂ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಧೂಳು, ಬಹಳ ನವಿರು. ಕೊಳವೆ ಇದ್ದರೂ ಮಾಸ್ಕ್ ಬೇಕು, ಕನ್ನಡಕ ಬೇಕು, ಕಿವಿಗೆ ರಕ್ಷಣೆ ಬೇಕು. ಸದ್ದು ಸುಲಭವಾಗಿ 90 ಡೆಸಿಬಲ್ ದಾಟುತ್ತದೆ.

ಬ್ಯಾಟರಿಯ ರೂಟರ್ ಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಅದೇ ಕಂಪನಿಯ 18 ವೋಲ್ಟ್ ಬ್ಯಾಟರಿಗಳು ಈಗಾಗಲೇ ನಿಮ್ಮಲ್ಲಿದ್ದರೆ ಅಂಚಿನ ಕೆಲಸಕ್ಕೆ ಒಳ್ಳೆಯದೇ, ವೈರ್ ಹಲಗೆಯ ಮೂಲೆಗೆ ಸಿಕ್ಕುವ ಕಾಟ ತಪ್ಪುತ್ತದೆ. ಗೂಡು ತೋಡುವ ಕೆಲಸಕ್ಕೆ ವೈರ್ ಇರುವುದೇ ಸರಿ.

ಯಂತ್ರ ಮನೆಗೆ ಬಂದ ದಿನ ಬೇಡದ ಹಲಗೆಯೊಂದನ್ನು ಕ್ಲಾಂಪ್ ಹಾಕಿ ಬಿಗಿದು, ನಾಲ್ಕೂ ಅಂಚುಗಳನ್ನು ದುಂಡಗೆ ಮಾಡಿ ನೋಡಿ. ಮೇಲಿನಿಂದ ನೋಡಿದಾಗ ಬಿಟ್ಟು ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ಹೊರ ಅಂಚುಗಳಲ್ಲಿ ಯಂತ್ರವನ್ನು ಅದಕ್ಕೆ ಎದುರು ಸುತ್ತಿನಲ್ಲಿ ನಡೆಸಬೇಕು, ಚೌಕಟ್ಟಿನ ಒಳ ಅಂಚಿನಲ್ಲಿ ಮುಳ್ಳಿನ ದಿಕ್ಕಿನಲ್ಲಿ. ದಿಕ್ಕು ತಪ್ಪಿದರೆ ಯಂತ್ರ ಕೈಯಿಂದ ಕಿತ್ತುಕೊಂಡು ಓಡುತ್ತದೆ. ಮೊದಲು ನಾರು ಕೊನೆಗೊಳ್ಳುವ ಎರಡು ತುದಿಗಳನ್ನು ಮುಗಿಸಿ, ಆಮೇಲೆ ಉದ್ದದ ಅಂಚುಗಳಿಗೆ ಬನ್ನಿ. ತುದಿಯಲ್ಲಿ ಸಿಡಿದ ಚೂರುಗಳನ್ನು ಉದ್ದದ ಅಂಚಿನ ಓಟ ಅಳಿಸಿಬಿಡುತ್ತದೆ. ನಂತರ ಬಿಟ್ಟನ್ನು ಬಿಚ್ಚುವ ಮೊದಲು, ಪ್ಲಗ್ ತೆಗೆದು, ಅದು ಕಾಲೆಟ್ಟಿನಿಂದ ಎಷ್ಟು ಹೊರಗಿದೆ ಎಂದು ಇನ್ನೊಮ್ಮೆ ಅಳೆಯಿರಿ. ಹಾಕುವಾಗ ಇದ್ದ ಅಳತೆಗೂ ಈಗಿನ ಅಳತೆಗೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ, ವಾಪಸ್ ಮಾಡುವ ಅವಧಿ ಮುಗಿಯುವ ಮುನ್ನವೇ ಯಂತ್ರವನ್ನು ಅಂಗಡಿಗೆ ಮರಳಿಸಿ.